ಮುಚ್ಚಿಟ್ಟ ನೀಲಿ

ಯುರೋಪಿನ ಕಾಡುಗಳಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಾರಾಡುವ ಕ್ಯಾಟೊಕಾಲ ಫ್ರಾಕ್ಸಿನಿ ಎಂಬ ಪತಂಗವು ಹಗಲೆಲ್ಲ ಮರದ ಕಾಂಡಕ್ಕೆ ಅಂಟಿಕೊಂಡು ಕುಳಿತಿದ್ದರೂ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಲಿನೇಯಸ್ 1758ರಲ್ಲಿ ಹೆಸರಿಸಿದ ಈ ಪತಂಗದ ಮುಂದಿನ ರೆಕ್ಕೆಗಳು ಬೂದುಬಣ್ಣದವು; ಅವುಗಳ ಮೇಲಿನ ಕಪ್ಪು-ಬಿಳಿ ಅಲೆಗೆರೆಗಳು ತೊಗಟೆಯ ಬಿರುಕುಗಳನ್ನೇ ಹೋಲುತ್ತವೆ. ಆದರೆ ಹಕ್ಕಿಯ ಕೊಕ್ಕು ತಾಗಿ ಅದು ರೆಕ್ಕೆ ಬಿಚ್ಚಿತೆಂದರೆ, ಅದುವರೆಗೆ ಮರೆಯಲ್ಲಿದ್ದ ಕಪ್ಪು ಹಿಂದಿನ ರೆಕ್ಕೆಗಳೂ ಅವುಗಳ ನಡುವಿನ ಅಗಲವಾದ ಮಾಸಲು ನೀಲಿ ಪಟ್ಟಿಯೂ ಒಮ್ಮೆಲೇ ಹೊರಬೀಳುತ್ತವೆ. ಪತಂಗಗಳಲ್ಲಿ ನೀಲಿ ಬಹಳ ಅಪರೂಪದ ಬಣ್ಣ.

ಈ ಬಣ್ಣದ ಬಲವಿರುವುದು ಹಠಾತ್ತಾಗಿ ತೋರುವುದರಲ್ಲಿ. ಅಮೆರಿಕದಲ್ಲಿ ನೀಲಿ ಜೇ ಹಕ್ಕಿಗಳಿಗೆ ಇದೇ ಕುಲದ ಪತಂಗಗಳನ್ನು ಹೋಲುವ ಕೃತಕ ಮಾದರಿಗಳನ್ನು ಒಡ್ಡಿ ನಡೆಸಿದ, 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೂದುಬಣ್ಣದ ಹಿಂದಿನ ರೆಕ್ಕೆಗೆ ಒಗ್ಗಿದ್ದ ಹಕ್ಕಿಗಳು ಗಾಢವರ್ಣದ ರೆಕ್ಕೆ ತೆರೆದುಕೊಂಡಾಗ ಬೆಚ್ಚಿದವು. ಅದೇ ವಿನ್ಯಾಸವನ್ನು ಮತ್ತೆ ಮತ್ತೆ ಕಂಡಾಗ ಅಂಜಿಕೆ ಕರಗಿತು, ಹೊಸ ವಿನ್ಯಾಸ ಎದುರಾದೊಡನೆ ಮರುಕಳಿಸಿತು. ಒಂದೇ ಕುಲದೊಳಗೆ ಕೆಂಪು, ಹಳದಿ, ನೀಲಿ, ಕಪ್ಪು ಎಂದು ಇಷ್ಟೊಂದು ಬಗೆಯ ಹಿಂದಿನ ರೆಕ್ಕೆಗಳೇಕೆ ಎಂಬ ಪ್ರಶ್ನೆಗೆ ಇದು ಮನವೊಪ್ಪುವ ಉತ್ತರವೇ ಸರಿ.

ಕ್ಯಾಟೊಕಾಲ ಫ್ರಾಕ್ಸಿನಿಯ ಮೊಟ್ಟೆಗಳು ಚಳಿಗಾಲವನ್ನು ಹಾಗೆಯೇ ಕಳೆದು ವಸಂತದಲ್ಲಿ ಒಡೆಯುತ್ತವೆ. ಕಂಬಳಿಹುಳುವಿನ ಮುಖ್ಯ ಆಹಾರ ಆಸ್ಪೆನ್ ಮತ್ತಿತರ ಪಾಪ್ಲರ್ ಮರಗಳ ಎಲೆ. ಹಗಲಲ್ಲಿ ರೆಂಬೆಗೆ ಒತ್ತಿಕೊಂಡು ಮಲಗಿದಾಗ, ಅದರ ಮೈಯಂಚಿನ ಉದ್ದಕ್ಕೂ ಜೋತ ಸಣ್ಣ ಎಳೆಗಳು ಮೈಗೂ ತೊಗಟೆಗೂ ನಡುವೆ ಬೀಳಬೇಕಾದ ನೆರಳನ್ನು ಮುಚ್ಚಿಬಿಡುತ್ತವೆ. ಬಣ್ಣ ಹೊಂದಿಕೊಂಡರೂ ನೆರಳಿನ ಗೆರೆಯೊಂದು ಗುಟ್ಟು ಬಿಟ್ಟುಕೊಡಬಹುದಾದ್ದರಿಂದ ಈ ಏರ್ಪಾಡು ನಿಜಕ್ಕೂ ಬೆರಗಿನದು.

ಇಂತಹ ಜೀವಿ ಇಂಗ್ಲೆಂಡಿನಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ನೆಲೆ ಕಳೆದುಕೊಂಡಿತು. ಕೆಂಟ್ ಪ್ರಾಂತದ ಆರ್ಲ್‌ಸ್ಟೋನ್ ಕಾಡಿನಲ್ಲಿ 1960ರ ದಶಕದವರೆಗೆ ಸಂತಾನ ಬೆಳೆಸುತ್ತಿದ್ದ ಪತಂಗ ಆಮೇಲೆ ಇಲ್ಲವಾಯಿತು. ಆಸ್ಪೆನ್ ಮರಕ್ಕೆ ಬೆಲೆಯಿಲ್ಲವೆಂದು ಅದನ್ನು ತೆಗೆದುಹಾಕುವ ಅರಣ್ಯಗಾರಿಕೆ ಈ ಪತಂಗಕ್ಕೆ ಎಂದೂ ಹಿತವಾಗಲಾರದು. ಎಲೆಯೇ ಇಲ್ಲದ ಕಡೆ ಎಂಥ ಮರೆಯೂ ಎಂಥ ಬಣ್ಣವೂ ಅದರ ಸಂತತಿಯನ್ನು ಉಳಿಸಲಾರದು. ಅನಂತರದ ದಶಕಗಳಲ್ಲಿ ಕಂಡವು ಬಹುತೇಕ ಸಮುದ್ರ ದಾಟಿ ಬಂದ ವಲಸಿಗರೇ ಆಗಿದ್ದವು. ಇಪ್ಪತ್ತೊಂದನೆಯ ಶತಮಾನದಲ್ಲಿ ಮಾತ್ರ ದಕ್ಷಿಣ ಇಂಗ್ಲೆಂಡಿನ ಹಲವೆಡೆ ಇದು ಮತ್ತೆ ನೆಲೆಯೂರಿ ಸಂತಾನ ಬೆಳೆಸುತ್ತಿದೆ.