ಎಣ್ಣೆ ಹತ್ತಿದ ಕೈಗೂ ವಿದ್ಯೆ ಬೇಕು

(ಗಿರಣಿ ಕಾರ್ಮಿಕರ ಮತ್ತು ಪೇಟೆಯ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಕೂಲಿ, ಬೋನಸ್ಸು, ತೆರಿಗೆಗಳ ಮಾತನ್ನು ಈ ವೇದಿಕೆಯಿಂದ ನೀವು ಬಹಳ ಸಲ ಕೇಳಿದ್ದೀರಿ. ಇಂದು ನಾವು ನಿಮ್ಮ ಮಕ್ಕಳ ಶಾಲೆಯ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇವೆ. ಮೋಟಾರು ರಿಪೇರಿಯ ವಿದ್ಯೆಯನ್ನು ಪ್ರೌಢಶಾಲೆಯಲ್ಲಿ ಕಲಿಸಬೇಕೇ, ಕಲಿಸುವುದಾದರೆ ಎಷ್ಟು ಆಳಕ್ಕೆ ಕಲಿಸಬೇಕು ಎಂಬುದೇ ಆ ವಿಷಯ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ನಾವು ಮೇಷ್ಟರಾಗಿದ್ದಾಗ ನಮ್ಮ ತರಗತಿಯಲ್ಲಿ ಗಿರಣಿ ಕೆಲಸದವರ ಮಗನೊಬ್ಬನಿದ್ದ. ಇಂಗ್ಲಿಷಿನಲ್ಲಿ ಪ್ರತಿಸಲವೂ ನಪಾಸು. ಆದರೆ ಶಾಲೆಯ ನೀರಿನ ಪಂಪು ಕೆಟ್ಟರೆ ಸರಿಮಾಡುತ್ತಿದ್ದವನು ಅವನೇ. ಒಂದು ದಿನ ಸಿಟ್ಟಿನಲ್ಲಿ, “ನಿನಗೆ ಗ್ಯಾರೇಜೇ ಸರಿ ಕಣೋ” ಎಂದುಬಿಟ್ಟೆವು. ಮರುವಾರದಿಂದ ಹುಡುಗ ಶಾಲೆಗೆ ಬರಲಿಲ್ಲ.

ಈಚೆಗೆ ಅವನ ಗ್ಯಾರೇಜಿಗೆ ಹೋಗಿದ್ದೆವು. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಚಹಾ ತರಿಸಿದ. “ಮೇಷ್ಟ್ರೇ, ಹಳೇ ಗಾಡಿಯಾದರೆ ಸದ್ದು ಕೇಳಿಯೇ ರೋಗ ಹೇಳ್ತೀನಿ. ಹೊಸ ಗಾಡಿ ಬಂದರೆ ಕೈ ಕಟ್ಟಿಹಾಕಿದಂಗಾಗುತ್ತೆ. ಅಂದಾಜಿನ ಮೇಲೆ ಸಾಮಾನು ಬದಲಾಯಿಸ್ತೀನಿ. ಸರಿಹೋದರೆ ನನ್ನ ಪುಣ್ಯ, ಇಲ್ಲದಿದ್ದರೆ ಗಿರಾಕಿಯ ಪಾಪ” ಎಂದ. ಆ ಮಾತು ನಮ್ಮನ್ನು ಚುಚ್ಚಿತು. ಅವನ ಕೈಗೆ ಕುಂದಿಲ್ಲ. ಆ ಕೈಗೆ ಜೊತೆಯಾಗಬೇಕಿದ್ದ ವಿದ್ಯೆಯನ್ನು ಕೊಡದೆ ಅಟ್ಟಿದವರು ನಾವು.

ಹೊಸ ಗಾಡಿಯಲ್ಲಿ ಬದಲಾದುದೇನು? 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂತು. ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಬಹುಮಟ್ಟಿಗೆ ಇಂಜೆಕ್ಟರು ಬಂದಿದೆ. ಎಷ್ಟು ಪೆಟ್ರೋಲು, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ಸೆನ್ಸರುಗಳ ವರದಿ ಪಡೆದು ಒಂದು ಸಣ್ಣ ಕಂಪ್ಯೂಟರು ತೀರ್ಮಾನಿಸುತ್ತದೆ. ಗಾಡಿ ಕೆಟ್ಟರೆ ಸ್ಕ್ಯಾನರು ಹಚ್ಚಿ ಸಂಕೇತವನ್ನು ಓದಬೇಕು.

ಒಂದು ಕಾರಿನಲ್ಲಿ ‘ಪಿ 0301’ ಎಂಬ ಸಂಕೇತ ಬಂತೆನ್ನಿ. ಮೊದಲನೇ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅದರರ್ಥ. ಏಕೆ ಉರಿಯುತ್ತಿಲ್ಲವೆಂದು ಯಂತ್ರ ಹೇಳುವುದಿಲ್ಲ. ಪ್ಲಗ್ಗು ಕೆಟ್ಟಿರಬಹುದು, ಕಾಯಿಲು ಸುಟ್ಟಿರಬಹುದು, ಇಂಜೆಕ್ಟರು ಕಟ್ಟಿರಬಹುದು, ವೈರು ತುಂಡಾಗಿರಬಹುದು. ತಿಳಿಯದವನು ಒಂದೊಂದಾಗಿ ಎಲ್ಲವನ್ನೂ ಬದಲಿಸುತ್ತಾನೆ. ಸಿಲಿಂಡರಿಗೊಂದು ಕಾಯಿಲಿರುವ ಕಾರಾದರೆ, ತಿಳಿದವನು ಮೊದಲನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿ ಎಂಜಿನ್ ಓಡಿಸುತ್ತಾನೆ. ಸಂಕೇತ ‘ಪಿ 0302’ ಆದರೆ ತಪ್ಪು ಕಾಯಿಲಿನದು. ಬದಲಾಗದಿದ್ದರೆ ಬೇರೆಡೆ ಹುಡುಕಬೇಕು. ಕಾಸು ಖರ್ಚಿಲ್ಲದ ಪರೀಕ್ಷೆ ಇದು! ಇದಕ್ಕೆ ಬೇಕಾದುದು ಕಾರ್ಯಕಾರಣ ವಿಚಾರ. ಬ್ಯಾಟರಿಯಿಂದ ಹೊರಟ ವೋಲ್ಟೇಜು ದಾರಿಯಲ್ಲಿ ಎಲ್ಲಿ ಸೋರಿತೆಂದು ಮೀಟರು ಹಿಡಿದು ಹುಡುಕಲು ಓಮನ ನಿಯಮ ಬೇಕು. ಅದು ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲೇ ಇದೆ. ಆದರೆ ಪುಸ್ತಕ ಶಾಲೆಯಲ್ಲುಳಿದಿದೆ, ಗಾಡಿ ಗ್ಯಾರೇಜಿನಲ್ಲಿ ನಿಂತಿದೆ.

ಇವೆರಡನ್ನೂ ಕೂಡಿಸಬೇಕೆಂಬ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕಸುಬಿನ ಮೂಲಕವೇ ಶಿಕ್ಷಣವಾಗಬೇಕೆಂದರು. 1964-66ರ ಕೊಠಾರಿ ಆಯೋಗ ಶಾಲೆಯಲ್ಲಿ ವೃತ್ತಿಶಿಕ್ಷಣ ಬೇಕೆಂದಿತು. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂರನೇ ಭಾಷೆಯ ಬದಲು ಆಟೊಮೊಬೈಲ್ ವಿಷಯವನ್ನು ಆರಿಸಿಕೊಳ್ಳುವ ಅವಕಾಶ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 2025ರೊಳಗೆ ಅರ್ಧದಷ್ಟು ವಿದ್ಯಾರ್ಥಿಗಳಿಗಾದರೂ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು ಗಡುವು ಹಾಕಿತು. ಕಾಗದಕ್ಕೆ ಕೊರತೆಯಿಲ್ಲ. ಬಿಚ್ಚಿ ಜೋಡಿಸಲು ಒಂದು ಎಂಜಿನ್ನಿಲ್ಲದ ಶಾಲೆಯಲ್ಲಿ ಎಂಜಿನ್ನಿನ ಚಿತ್ರ ಬರೆಸಿ ಅಂಕ ಕೊಟ್ಟರೆ ಅದು ವಿದ್ಯೆಯೇ?

ಮೊನ್ನೆ ಒಬ್ಬ ಗಿರಣಿ ಬಂಧು ನಮ್ಮನ್ನು ತಡೆದು ಕೇಳಿದರು: “ಮೇಷ್ಟ್ರೇ, ನನ್ನ ಕೈಗೆ ಎಣ್ಣೆ ಹತ್ತಿದ್ದು ಸಾಲದೇ? ನಿಮ್ಮ ಪೈಕಿಯವರ ಮಕ್ಕಳು ಡಾಕ್ಟರಾಗಲಿ, ನನ್ನ ಮಗ ಪಾನಾ ಹಿಡಿಯಲಿ ಅಂತೀರಾ?” ಅವರ ಪ್ರಶ್ನೆ ನ್ಯಾಯವಾದದ್ದು. ದಡ್ಡರೆಂದು ಕರೆಸಿಕೊಂಡ ಬಡವರ ಮಕ್ಕಳನ್ನು ಮಾತ್ರ ಕಸುಬಿನ ಕಡೆಗೆ ತಳ್ಳುವುದಾದರೆ, ಅದು ಜಾತಿಪದ್ಧತಿಗೇ ಶಾಲೆಯ ಸಮವಸ್ತ್ರ ತೊಡಿಸಿದಂತೆ. ತಲೆಯ ಕೆಲಸ ಮೇಲು, ಕೈಯ ಕೆಲಸ ಕೀಳು ಎಂಬ ಸುಳ್ಳನ್ನು ಮುರಿಯಬೇಕಾದರೆ ವಕೀಲರ ಮಗನೂ ಕಾರ್ಮಿಕರ ಮಗಳೂ ಒಂದೇ ಮೇಜಿನ ಬಳಿ ನಿಂತು ಎಂಜಿನ್ ಬಿಚ್ಚಬೇಕು. ಕಲಿತವರಿಗೆ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗಿನ ಬಾಗಿಲು ಮುಚ್ಚಬಾರದು.

ವರ್ತಕ ಮಿತ್ರರಿಗೂ ಒಂದು ಮಾತು. ನಿಮ್ಮ ಸರಕಿನ ಗಾಡಿ ನಿಂತರೆ ನಿಮ್ಮ ಅಂಗಡಿಯೇ ನಿಂತಂತೆ. ರಿಪೇರಿಯ ಗುಟ್ಟು ಕಂಪನಿಗಳ ಕೈಯಲ್ಲೇ ಉಳಿದರೆ, ಊರ ಗ್ಯಾರೇಜು ಮುಚ್ಚುತ್ತದೆ. ಅವರು ಬರೆದ ಬಿಲ್ಲನ್ನು ನೀವು ಕಟ್ಟುತ್ತೀರಿ. ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿ ಮತ ಹಾಕಿ, ಕಾರು ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂಬ ಕಾನೂನಿಗೆ ಒಪ್ಪಿಗೆ ಕೊಟ್ಟರು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿ ಹಕ್ಕಿನ’ ಜಾಲತಾಣ ತೆರೆಯಿತು. ಹಕ್ಕು ಬಂದರೂ ಅದನ್ನು ಓದಿ ಬಳಸಬಲ್ಲ ಹುಡುಗರು ಊರಿನಲ್ಲಿ ಬೇಡವೇ?

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ತಾಲ್ಲೂಕಿಗೊಂದಾದರೂ ಪ್ರೌಢಶಾಲೆಯಲ್ಲಿ ಓಡುವ ಗಾಡಿ, ಮೀಟರು, ಸ್ಕ್ಯಾನರುಗಳಿರುವ ಕಾರ್ಯಾಗಾರವಿರಲಿ. ಅಲ್ಲಿ ಕಲಿಸುವವರಿಗೆ ಹೊರಗುತ್ತಿಗೆಯ ಪುಡಿಗಾಸಲ್ಲ, ಉಳಿದ ಮೇಷ್ಟರಂತೆ ಕಾಯಂ ಕೆಲಸ, ಪೂರ್ತಿ ಸಂಬಳ ಸಿಗಲಿ. ಪಾಠ ಕನ್ನಡದಲ್ಲಿರಲಿ, ಸ್ಕ್ಯಾನರಿನ ಪರದೆ ಓದುವಷ್ಟು ಇಂಗ್ಲಿಷನ್ನೂ ಆ ಕಾರ್ಯಾಗಾರದಲ್ಲೇ ಕಲಿಸಲಿ. ಗಣಿತ ವಿಜ್ಞಾನಗಳಲ್ಲಿ ಒಂದು ಪಾಠವೂ ಕಡಿತವಾಗದಿರಲಿ.

ಬಂಧುಗಳೇ, ಶಾಲೆಯ ಅಭಿವೃದ್ಧಿ ಸಮಿತಿಯ ಸಭೆಗೆ ಹೋಗಿ ಇದನ್ನು ಕೇಳಿರಿ. ಪಾಳಿ ಮುಗಿಸಿ ಎಣ್ಣೆ ಕೈಯಲ್ಲೇ ಹೋದರೂ ಚಿಂತೆಯಿಲ್ಲ. ನಮ್ಮ ಹಳೆಯ ಶಿಷ್ಯನೂ ಬರುತ್ತೇನೆಂದಿದ್ದಾನೆ. ಕಾರ್ಯಾಗಾರ ತೆರೆದರೆ ಸಂಜೆ ಹೊತ್ತು ತಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದೇ ಎಂದು ಕೇಳಿದ. ಈ ಸಲ ಅವನಿಗೆ ‘ಬಾ’ ಎನ್ನುವ ಅವಕಾಶವನ್ನು ನೀವು ನಮಗೆ ಮಾಡಿಕೊಡಬೇಕು.