ತಾಯಿಗೂ ಒಂದು ಮಂಚ ಹಾಕಿ

ಮೊನ್ನೆ ರಾತ್ರಿ ಕಾರ್ಯಕ್ರಮ ಮುಗಿಸಿ ಏಳುವಷ್ಟರಲ್ಲಿ ಒಂದು ಕರೆ ಬಂತು. ಹಳೇ ಮೈಸೂರು ಕಡೆಯ ಮಾತು, ಹಿಂದೆ ಬಸ್ಸಿನ ಸದ್ದು. ಆತ ಕೇಳಿದ್ದು ರಾಜಕೀಯ ಅಲ್ಲ. "ಮೇಡಂ, ಎದೆಹಾಲು ಫ್ಲಾಸ್ಕಲ್ಲಿ ಹಾಕ್ಕೊಂಡೋದ್ರೆ ಕೆಡ್ತದಾ?"

ವಿಷಯ ಇಷ್ಟು. ಹೆಂಡತಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು, ತೂಕ 1 ಕೆಜಿ 600 ಗ್ರಾಂ. ಅದೇ ರಾತ್ರಿ ಆಂಬುಲೆನ್ಸ್‌ನಲ್ಲಿ ಮಗುವನ್ನು ಜಿಲ್ಲಾಸ್ಪತ್ರೆಗೆ ಕಳಿಸಿದರು. ತಾಯಿ ಅಲ್ಲೇ ಉಳಿದಳು. ನಾಲ್ಕು ದಿನದಿಂದ ಈತ ಹಾಲು ಹಿಡಿದು ಬಸ್ಸಿನಲ್ಲಿ ಓಡಾಡುತ್ತಿದ್ದಾನೆ. "ಫೋನಲ್ಲಿ ಮಗಿನ ಫೋಟೋ ತೋರಿಸ್ತೀನಿ ಮೇಡಂ. ಸಮಾಧಾನಕ್ಕೆ ಯಾರ್ದೋ ಮಗಿನ ಫೋಟೋ ತೋರಿಸ್ತಿದ್ದೀಯ, ನಂದು ಬದುಕೈತಾ ಹೇಳು ಅಂತ ಅಳ್ತಾಳೆ" ಅಂದರು.

ಆ ಮಾತು ಕೇಳಿ ನನಗೆ ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಯಾಕೆಂದರೆ ಅದೇ ಪ್ರಶ್ನೆಯನ್ನು ಹಿಂದೊಮ್ಮೆ ನಾನೂ ನನ್ನ ಗಂಡನಿಗೆ ಕೇಳಿದ್ದೆ. ನನ್ನ ಮಗ ಹುಟ್ಟಿದಾಗ ಅವನಿಗೂ ನನಗೂ ನಡುವೆ ಇದ್ದದ್ದು ಎರಡೇ ಮಹಡಿ. ಆದರೂ ಅವನನ್ನು ಕಂಡದ್ದು ಮೂರನೇ ದಿನ, ಗಾಜಿನ ಆಚೆ, ಹತ್ತು ನಿಮಿಷ. ವಾರ್ಡಿನಲ್ಲಿ ಎಲ್ಲರ ಮಗ್ಗುಲಲ್ಲೂ ಕೂಸು. ರಾತ್ರಿ ಯಾವ ಮಗು ಅತ್ತರೂ ನನ್ನ ಎದೆಹಾಲು ಸುರಿಯೋದು. "ಮಲಕ್ಕೋ, ರೆಸ್ಟ್ ತಗೋ" ಅಂತ ಎಲ್ಲರೂ ಹೇಳೋರು. ನನಗೆ ಬೇಕಾಗಿದ್ದದ್ದು ರೆಸ್ಟ್ ಅಲ್ಲ, ನನ್ನ ಮಗು.

ಆ ರಾತ್ರಿಯೇ ಪರಿಚಯದ ಮಕ್ಕಳ ವೈದ್ಯರಿಗೆ ಫೋನ್ ಮಾಡಿದೆ. ಅವರೆಂದರು: "ಬಿಸಿ ಇಡೋ ಫ್ಲಾಸ್ಕ್ ಬೇಡ. ಚೊಕ್ಕ ಡಬ್ಬಿಯಲ್ಲಿ, ಸುತ್ತ ಐಸ್ ಇಟ್ಟು ತಂಪಾಗಿ ಒಯ್ಯಲಿ. ಆದರೆ ಒಂದು ಮಾತು. ಹಾಲನ್ನ ಸಾಗಿಸೋ ಬದಲು ತಾಯಿಯನ್ನೇ ಸಾಗಿಸಬಾರದಾ?"

ವೀಕ್ಷಕರೇ, ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ತಾಯಿ ಜೊತೆಗಿದ್ದರೆ ಮಗುವಿಗೆ ಒಳ್ಳೆಯದು ಅನ್ನೋದು ಬರೀ ಅಜ್ಜಿ ಮಾತಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್ ಸಾಲುತ್ತಿರಲಿಲ್ಲ, ಮಕ್ಕಳಿಗೆ ಸೋಂಕು ಹರಡುತ್ತಿತ್ತು. ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಮಕ್ಕಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಚರ್ಮಕ್ಕೆ ಚರ್ಮ ತಾಗಿಸಿ ಮೈಬಿಸಿ ಕೊಡೋದು, ಎದೆಹಾಲು ಕೊಡೋದು. ಇದೇ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು ಹರಡುವ ದೊಡ್ಡ ಪ್ರಯತ್ನ ನಡೆದಿದೆ.

ಆದರೆ ಬಹಳ ಕಾಲ ಒಂದು ನಂಬಿಕೆ ಇತ್ತು. ಮೊದಲು ಮಗು ಸುಧಾರಿಸಲಿ, ಆಮೇಲೆ ತಾಯಿ ಕೈಗೆ ಕೊಡೋಣ ಅಂತ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೇ ಪರೀಕ್ಷೆಗೆ ಇಟ್ಟಿತು. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳು. ಭಾರತದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕೆಜಿಯಿಂದ 1 ಕೆಜಿ 800 ಗ್ರಾಂ ಒಳಗಿನ 3,211 ಮಕ್ಕಳು. ಒಂದು ಗುಂಪಿಗೆ ಹಳೆಯ ಪದ್ಧತಿ. ಇನ್ನೊಂದು ಗುಂಪಿಗೆ ಹುಟ್ಟಿದ ಕೂಡಲೇ ಎದೆಯ ಮೇಲಿನ ಆರೈಕೆ. ಮಕ್ಕಳ ತೀವ್ರ ನಿಗಾ ಘಟಕದ ಒಳಗೇ ತಾಯಿಗೂ ಮಂಚ, ಅವಳ ಆರೈಕೆಯೂ ಅಲ್ಲೇ.

2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಳೆಯ ಪದ್ಧತಿಯಲ್ಲಿ 28 ದಿನದೊಳಗೆ ತೀರಿಕೊಂಡ ಮಕ್ಕಳು ನೂರಕ್ಕೆ 15.7. ತಾಯಿ ಜೊತೆಗಿದ್ದ ಗುಂಪಿನಲ್ಲಿ 12. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇನ್ನೂ ಕೆಲವು ಮಕ್ಕಳನ್ನು ದೂರ ಇಟ್ಟು ನೋಡೋದು ಸರಿಯಲ್ಲ ಅಂತ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನೇ ಬದಲಿಸಿ, ಹುಟ್ಟಿದ ಕೂಡಲೇ ಶುರು ಮಾಡಿ ಅಂದಿತು. ವೆಂಟಿಲೇಟರ್ ಬೇಕಾದ, ಸ್ವಂತ ಉಸಿರಾಡಲಾಗದ ಮಕ್ಕಳಿಗೆ ಇದು ಅನ್ವಯಿಸಲ್ಲ. ಅದನ್ನು ವೈದ್ಯರೇ ನಿರ್ಧರಿಸಬೇಕು.

"ತಾಯಿ ಒಳಗೆ ಬಂದರೆ ಇನ್‌ಫೆಕ್ಷನ್ ಆಗುತ್ತೆ" ಅಂತಾರಲ್ಲ, ಆ ಅನುಮಾನಕ್ಕೂ ಇಲ್ಲಿ ಉತ್ತರ ಇದೆ. ತಾಯಿ ಜೊತೆಗಿದ್ದ ಗುಂಪಿನಲ್ಲೇ ಸೋಂಕಿನ ಶಂಕೆ ಕಡಿಮೆ ಇತ್ತು. ಕೈ ತೊಳೆದು, ಗೌನ್ ಹಾಕಿ ಒಳಗೆ ಬರೋ ತಾಯಿ ಅಪಾಯ ಅಲ್ಲ ಸ್ವಾಮಿ, ಅವಳೂ ಔಷಧಿ.

ಹಾಗಾದರೆ ನಮ್ಮಲ್ಲಿ ಅಡ್ಡಿ ಏನು? 2011ರಿಂದಲೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಕಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ವಾಹನ, ಎಲ್ಲ ಉಚಿತ. ಆದರೆ ತಾಯಿ ಒಂದು ವಿಭಾಗದ ಪೇಷೆಂಟ್, ಮಗು ಇನ್ನೊಂದು ವಿಭಾಗದ ಪೇಷೆಂಟ್. ರೆಫರ್ ಮಾಡೋವಾಗ ಎಷ್ಟೋ ಸಲ ಮಗುವನ್ನಷ್ಟೇ ಕಳಿಸ್ತಾರೆ. ತಾಯಿಯನ್ನೂ ಜೊತೆಗೆ ಕಳಿಸಿ ಅಂತ ಚೀಟಿಯಲ್ಲಿ ಬರೆಯೋಕೆ ಎಷ್ಟು ಖರ್ಚು? ಒಂದು ಸಾಲು ಬರವಣಿಗೆ.

ದಾದಿಯರನ್ನು, ವೈದ್ಯರನ್ನು ನಾನು ದೂರುತ್ತಿಲ್ಲ. ಜಾಗ ಕಮ್ಮಿ, ಕೈ ಕಮ್ಮಿ, ನಿಜ. ಆದರೆ ಹೊಸ ಕಟ್ಟಡದ ನಕ್ಷೆ ಬರೆಯೋವಾಗ ತೊಟ್ಟಿಲ ಪಕ್ಕ ಮಂಚಕ್ಕೆ ಜಾಗ ಬಿಡೋದು ಸರ್ಕಾರದ ಕೈಯಲ್ಲಿದೆ.

ನಿನ್ನೆ ಆ ತಂದೆ ಮತ್ತೆ ಫೋನ್ ಮಾಡಿದ್ದರು. ಡಿಸ್ಚಾರ್ಜ್ ಆಯಿತಂತೆ. ಹೆಂಡತಿಯನ್ನು ಸೀದಾ ಜಿಲ್ಲಾಸ್ಪತ್ರೆಗೇ ಕರ್ಕೊಂಡು ಹೋಗಿದ್ದಾರೆ. ಎದೆ ಮೇಲೆ ಮಲಗಿಸಿದ ಕೂಡಲೇ ಮಗು ಅಳು ನಿಲ್ಲಿಸಿತಂತೆ. "ಫೋಟೋದಲ್ಲಿದ್ದದ್ದು ಇವಳೇ ಅಂತ ಈಗ ನಂಬಿದ್ಲು ಮೇಡಂ" ಅಂದರು, ನಕ್ಕರು. ರಾತ್ರಿ ಎಲ್ಲಿ ಮಲಗ್ತಾರೆ ಅಂತ ಕೇಳಿದೆ. "ವರಾಂಡದಲ್ಲಿ, ಚಾಪೆ ಹಾಸ್ಕೊಂಡು."

ಹೊಟ್ಟೆಯ ಹೊಲಿಗೆ ಇನ್ನೂ ಮಾಗದ ಬಾಣಂತಿ, ನೆಲದ ಮೇಲೆ. ಆರೋಗ್ಯ ಸಚಿವರೇ, ನಿಮ್ಮನ್ನು ಕೇಳುತ್ತಿರುವುದು ದೊಡ್ಡ ಯೋಜನೆಯಲ್ಲ. ಮಗು ಇರೋ ಕಡೆ ತಾಯಿಗೂ ಒಂದು ಮಂಚ ಹಾಕಿಸಿ.