ವಾಯುಸೇನೆಯಲ್ಲಿ ದುಡಿದ ನಮ್ಮ ತಂದೆಯವರು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಮೊದಲ ಆಡಳಿತ ಮಂಡಳಿಯಲ್ಲಿದ್ದು ಈಗ ನಮ್ಮೊಂದಿಗೆ ಇಲ್ಲದ ಹಿರಿಯರ ಬಗ್ಗೆ ಅವರವರ ಮನೆಯವರು ಎರಡು ಮಾತು ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಎಸ್.ಎಸ್.ಎಲ್.ಸಿ. ತನಕ ಓದಿ ಒಕ್ಕಲುತನಕ್ಕೆ ನಿಂತವರು. ಮೈಕಿನ ಮುಂದೆ ನಿಂತು ರೂಢಿ ಇಲ್ಲ. ಆದರೆ ತಂದೆಯವರ ವಿಷಯ ಅಂದಮೇಲೆ ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ಅವರನ್ನು ಊರಾಗ ಎಲ್ಲರೂ 'ಮಿಲಿಟ್ರಿ ಅಜ್ಜ' ಅಂತಿದ್ದರು. 'ಮಿಲಿಟ್ರಿ ಅಲ್ಲೋ, ಏರ್‌ಫೋರ್ಸ್' ಅಂತ ತಿದ್ದಿ ತಿದ್ದಿ ಸಾಕಾಗಿ ಕಡೆಗೆ ಬಿಟ್ಟುಬಿಟ್ಟರು. ಅವರು ವಿಮಾನ ಹಾರಿಸುತ್ತಿದ್ದರು ಅಂತ ಈಗಲೂ ಕೆಲವರು ತಿಳಿದಿದ್ದಾರೆ. ಅದನ್ನು ಇವತ್ತು ಸರಿ ಮಾಡಬೇಕು. ನಮ್ಮ ತಂದೆಯವರು ಪೈಲಟ್ ಅಲ್ಲ. ನೆಲದ ಮೇಲೆ ನಿಂತು ವಿಮಾನದ ಎಂಜಿನ್ ನೋಡಿಕೊಳ್ಳುವ ಫಿಟ್ಟರ್ ಆಗಿದ್ದರು.

1962ರಲ್ಲಿ ಚೀನಾ ಯುದ್ಧ ಆಯಿತಲ್ಲ, ಅದರ ಮರುವರ್ಷ ಅವರು ಭರ್ತಿಯಾದರು. ಆಗ ವಯಸ್ಸು ಹತ್ತೊಂಬತ್ತು. ಮನೆಯಲ್ಲಿದ್ದ ಕಾಗದಪತ್ರದಲ್ಲಿ ವಿಳಾಸ ಹೀಗಿದೆ: ಹಲಗೇರಿ, ರಾಣೇಬೆನ್ನೂರು ತಾಲೂಕು, ಧಾರವಾಡ ಜಿಲ್ಲೆ, ಮೈಸೂರು ರಾಜ್ಯ. ಅವರು ನೌಕರಿಯಲ್ಲಿರುವಾಗಲೇ, 1973ರಲ್ಲಿ, ರಾಜ್ಯದ ಹೆಸರು ಕರ್ನಾಟಕ ಆಯಿತು. 1997ರಲ್ಲಿ ಹಾವೇರಿ ಜಿಲ್ಲೆ ಆಯಿತು. 'ಊರು ಇದ್ದಲ್ಲೇ ಐತಿ, ವಿಳಾಸ ಅಷ್ಟ ಮುಂದ ಮುಂದ ಹೊಂಟೈತಿ' ಅಂತ ನಗುತ್ತಿದ್ದರು.

ರಾಣೇಬೆನ್ನೂರಿನಲ್ಲಿ ಮೀಟರ್ ಗೇಜ್ ರೈಲು ಹತ್ತಿ ಬೆಂಗಳೂರಿಗೆ ಹೋದರು. ಮೊದಲು ಜಾಲಹಳ್ಳಿ, ಆಮೇಲೆ ತಾಂಬರಂ. ಅಲ್ಲಿ ತರಬೇತಿ ಮುಗಿಸಿ ಉತ್ತರದ ಕಡೆ ಹೋದವರು ಹದಿನೈದು ವರ್ಷ ತುಂಬಿಸಿ 1978ರಲ್ಲಿ ಸಾರ್ಜೆಂಟ್ ಆಗಿ ಊರಿಗೆ ಬಂದರು. ನಾವು ಹುಟ್ಟಿದ್ದು ಅದರ ಮರುವರ್ಷ. ಹೀಗಾಗಿ ಯೂನಿಫಾರಂ ಹಾಕಿದ ತಂದೆಯನ್ನು ನಾವು ನೋಡಿದ್ದು ಫೋಟೋದಲ್ಲಿ ಮಾತ್ರ.

ಅವರ ಕೈಯಲ್ಲಿ ಹೆಚ್ಚು ಪಳಗಿದ್ದು ನ್ಯಾಟ್ ಎಂಬ ಸಣ್ಣ ಯುದ್ಧವಿಮಾನ. ವಿನ್ಯಾಸ ಇಂಗ್ಲೆಂಡಿನದು, ತಯಾರಾಗುತ್ತಿದ್ದುದು ನಮ್ಮ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ. ಎಷ್ಟು ಗಿಡ್ಡ ಅಂದರೆ ಬಹಳಷ್ಟು ಕೆಲಸ ಏಣಿ ಇಲ್ಲದೆ ನೆಲದ ಮೇಲೆ ನಿಂತೇ ಮಾಡಬಹುದಿತ್ತು. 'ನಮ್ಮ ಕೂರಿಗಿ ಎತ್ತು ಇದ್ದಂಗ, ಸಣ್ಣದು, ಖರೆ ಹಟಮಾರಿ' ಅನ್ನುತ್ತಿದ್ದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಅಮೆರಿಕನ್ ಸೇಬರ್ ವಿಮಾನಗಳ ಎದುರು ಇದೇ ನ್ಯಾಟ್ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಒಬ್ಬರೇ ಹೋರಾಡಿ ಮಡಿದ ನಿರ್ಮಲ್ ಜಿತ್ ಸಿಂಗ್ ಸೇಖೋನ್ ಅವರದೂ ನ್ಯಾಟ್ ವಿಮಾನವೇ. ವಾಯುಸೇನೆಗೆ ಸಿಕ್ಕಿರುವ ಒಂದೇ ಒಂದು ಪರಮವೀರ ಚಕ್ರ ಅವರದು.

ಇದನ್ನೆಲ್ಲಾ ಪುಸ್ತಕದಲ್ಲಿ ಓದಬಹುದು. ತಂದೆಯವರ ಬಾಯಿಂದ ಮಾತ್ರ ಕೇಳಿದ್ದು ಫಾರಂ 700ರ ಸಂಗತಿ. ಪ್ರತಿ ವಿಮಾನಕ್ಕೂ ಒಂದು ದಾಖಲೆ ಪುಸ್ತಕ ಇರುತ್ತದೆ. ಎಂಜಿನ್ ನೋಡಿದವನು, ರೆಕ್ಕೆ ನೋಡಿದವನು, ವಿದ್ಯುತ್ ನೋಡಿದವನು, ಎಣ್ಣೆ ತುಂಬಿದವನು, ತಾನು ಮಾಡಿದ ಕೆಲಸಕ್ಕೆ ತಾನೇ ಸಹಿ ಹಾಕಬೇಕು. ಎಲ್ಲರ ಸಹಿ ಆದಮೇಲೆ ಪೈಲಟ್ ಅದನ್ನು ನೋಡಿ ತಾನೂ ಸಹಿ ಮಾಡಿ ಹತ್ತುತ್ತಾನೆ. ಕೆಲಸ ಮುಗಿದ ಕೂಡಲೇ ಹತಾರ ಎಣಿಸಬೇಕು. ಒಂದು ಪಾನಾ ಕಡಿಮೆ ಬಿದ್ದರೂ ಅದು ಸಿಗುವ ತನಕ ವಿಮಾನ ನಿಂತಲ್ಲೇ ನಿಲ್ಲುತ್ತದೆ. ನ್ಯಾಟ್‌ಗೆ ಇದ್ದದ್ದು ಒಂದೇ ಎಂಜಿನ್. ಮೇಲೆ ಹೋದಾಗ ಅದು ನಿಂತರೆ ಎರಡನೆಯದು ಇಲ್ಲ. 'ಹಾರಿಸುವವಗ ನಮ್ಮ ಮುಖ ಗೊತ್ತಿರಂಗಿಲ್ಲ, ಸಹಿ ಅಷ್ಟ ಗೊತ್ತು. ಅದನ್ನ ನಂಬಿ ಜೀವ ಇಡ್ತಾನ' ಎಂದು ಅವರು ಹೇಳುವಾಗ ದನಿ ಸಣ್ಣದಾಗುತ್ತಿತ್ತು. ಇದು ಅಪರೂಪ. ಜೆಟ್ ಎಂಜಿನ್ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ಎಡಗಿವಿ ಮಂದವಾಗಿದ್ದರಿಂದ ಅವರು ಮಾತಾಡಿದರೆ ಮೂರು ಮನೆಗೆ ಕೇಳುತ್ತಿತ್ತು. ಕರೆದರೆ ಓ ಅನ್ನೋದಿಲ್ಲ, ಪಿಂಚಣಿ ಸೊಕ್ಕು ಅಂತ ಕೆಲವರು ಆಡಿಕೊಂಡದ್ದೂ ಉಂಟು. ಕಿವಿ ವಿಷಯ ಅವರಿಗೆ ಗೊತ್ತಿರಲಿಲ್ಲ.

1971ರಲ್ಲಿ ಡಿಸೆಂಬರ್ 3ರಿಂದ 16ರ ತನಕ ಯುದ್ಧ. ನಮ್ಮ ತಾಯಿಯವರು ಆಗ ಊರಲ್ಲಿ ಅತ್ತೆ ಮಾವರ ಸಂಗಡ ಇದ್ದರು. ಟಪಾಲು ನಿಂತಿತ್ತು. ಊರಲ್ಲಿ ರೇಡಿಯೋ ಇದ್ದ ಮನೆ ಕಟ್ಟೆಗೆ ಮಾವ ಹೋಗಿ ವಾರ್ತೆ ಕೇಳಿ ಬಂದು, ಸೊಸೆಗೆ ನೇರ ಹೇಳದೆ ದನಕ್ಕೆ ಹೇಳಿದಂತೆ ಹೇಳುತ್ತಿದ್ದರಂತೆ. ಜನವರಿಯಲ್ಲಿ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅದರಲ್ಲಿ ಯುದ್ಧದ ಸುದ್ದಿ ಒಂದು ಅಕ್ಷರ ಇಲ್ಲ. ಕ್ಷೇಮ, ಮತ್ತು ಬಿಳಿಜೋಳ ಹೆಂಗಾಗೈತಿ ಎಂಬ ಪ್ರಶ್ನೆ.

ನಾವು ಮೂರನೇ ಇಯತ್ತೆ ಇದ್ದಾಗ, 1988ರಲ್ಲಿ, ಒಂದು ದಿನ ತಂದೆಯವರು ಪತ್ರಿಕೆ ಹಿಡಿದು ಬಹಳ ಹೊತ್ತು ಕೂತಿದ್ದರು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದಿತ್ತು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ಹೋದವು. ದೇವಯ್ಯನವರು ಕಾಯ್ದಿಟ್ಟ ಪೈಲಟ್. ಒಂದು ವಿಮಾನ ಹಿಂದೆ ಬಿದ್ದಿದ್ದಕ್ಕೆ ಇವರು ಹೋದರು. ಎಲ್ಲರೂ ಬಂದರು, ಇವರು ಬರಲಿಲ್ಲ. ಏನಾಯಿತೆಂದು ಈ ಕಡೆ ಯಾರಿಗೂ ತಿಳಿಯಲಿಲ್ಲ. ಮುಂದೆ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಪಾಕಿಸ್ತಾನದ ಕಡೆಯ ವಿವರ ಬರೆದಾಗ ನಿಜ ಹೊರಬಿತ್ತು. ತಮ್ಮ ಮಿಸ್ಟೇರ್‌ಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನದೊಡನೆ ಒಂಟಿಯಾಗಿ ಕಾದಾಡಿ, ಅದನ್ನು ಕೆಡವಿ ದೇವಯ್ಯನವರು ಮಡಿದಿದ್ದರು. ಪದಕ ಬರಲು 23 ವರ್ಷ ಹಿಡಿಯಿತು. ಈಗಿನ ಹುಡುಗರು 2025ರಲ್ಲಿ ಬಂದ 'ಸ್ಕೈ ಫೋರ್ಸ್' ಹಿಂದಿ ಸಿನಿಮಾದಲ್ಲಿ ಈ ಕಥೆಯ ಎಳೆ ನೋಡಿರಬಹುದು.

ಅವತ್ತು ತಂದೆಯವರು ಪೈಲಟ್ ಬಗ್ಗೆ ಹೆಚ್ಚು ಆಡಲಿಲ್ಲ. ಪತ್ರಿಕೆ ಮಡಚಿ, 'ಆ ವಿಮಾನಕ್ಕ ಸಹಿ ಹಾಕಿದ ಹುಡುಗ ಎಲ್ಲಿದ್ರೂ ಇವತ್ತು ನಿದ್ದಿ ಮಾಡ್ತಾನ' ಅಂದರು. ನಮಗೆ ಆಗ ತಿಳಿಯಲಿಲ್ಲ. ಇಪ್ಪತ್ಮೂರು ವರ್ಷ, ಎಂಜಿನ್ ಕೈಕೊಟ್ಟಿತೋ, ನನ್ನ ಕೈಯಿಂದ ಏನಾದರೂ ಉಳಿಯಿತೋ ಅಂತ ಎಲ್ಲೋ ಒಂದು ಊರಲ್ಲಿ ಒಬ್ಬ ಮನುಷ್ಯ ಎದ್ದು ಕೂತಿರಬಹುದು ಎಂಬುದು ಅವರ ಮನಸ್ಸಿನಲ್ಲಿತ್ತು.

ಊರಿಗೆ ಬಂದಮೇಲೆ ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ ಬೆಳೆದರು. ಊರವರ ಪಂಪ್‌ಸೆಟ್, ಸಿಂಪರಣೆ ಯಂತ್ರ ರಿಪೇರಿ ಮಾಡಿಕೊಟ್ಟರು. ಸಂಘ ಕಟ್ಟುವ ಮಾತು ಬಂದಾಗ ಅವರಿಗೆ ಭಾಳ ಹುರುಪು. ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ದೇಶದ ಮೊದಲ ಸಹಕಾರ ಸಂಘಗಳಲ್ಲಿ ಒಂದನ್ನು ಮಾಡಿದ ನಾಡು ನಮ್ಮದು ಅಂತ ಷೇರು ಕೂಡಿಸಲು ಮನೆ ಮನೆ ತಿರುಗಿದರು.

ಎರಡನೇ ವರ್ಷ ಒಂದು ಪ್ರಸಂಗ ನಡೆಯಿತು. ಇಲ್ಲಿ ಕೂತ ಹಿರಿಯರಿಗೆ ನೆನಪಿದೆ, ಹೇಳಿದರೆ ತಪ್ಪಿಲ್ಲ. ಮುಂಗಾರು ಬಿತ್ತಿಗೆ ಹೊತ್ತು. ಹೊರಗೆ ಚಕ್ಕಡಿ, ಟ್ರಾಕ್ಟರ್ ಸಾಲು. ಗೊಬ್ಬರದ ದಾಸ್ತಾನು ಪುಸ್ತಕಕ್ಕೆ ನಿರ್ದೇಶಕರ ಸಹಿ ಬೇಕಿತ್ತು. ತಂದೆಯವರು, ಚೀಲ ಎಣಿಸದ ಹೊರತು ಸಹಿ ಇಲ್ಲ ಅಂದರು. ಜನ ಕೂಗಾಡಿದರು. ಅವರು ಬ್ಯಾಟರಿ ಹಿಡಿದು ಗೋದಾಮಿನೊಳಗೆ ಹೋಗಿ ಎರಡೂವರೆ ತಾಸು ಎಣಿಸಿದರು. ಲೆಕ್ಕ ಒಂದು ಚೀಲವೂ ಹೆಚ್ಚುಕಮ್ಮಿ ಇಲ್ಲದೆ ಸರಿ ಇತ್ತು. ಆಗಿನ ಕಾರ್ಯದರ್ಶಿಗಳಿಗೆ ಅವಮಾನವಾಯಿತು. ನನ್ನ ಮೇಲೆ ನಂಬಿಗೆ ಇಲ್ಲೇನು ಅಂತ ಕಣ್ಣೀರು ಹಾಕಿದರು. ತಂದೆಯವರು, 'ನಿಮ್ಮ ಮ್ಯಾಲೆ ನಂಬಿಗಿ ಐತ್ರಿ. ಎಣಿಸದ ಸಹಿ ಮ್ಯಾಲೆ ಇಲ್ಲ' ಅಂದರು. ಮಾತು ಕೇಳಲು ಚಂದ, ಆದರೆ ಗಾಯ ವಾಸಿಯಾಗಲಿಲ್ಲ. ಇಬ್ಬರೂ ನಾಲ್ಕು ವರ್ಷ ಸಭೆಯಲ್ಲಿ ಎದುರುಬದುರು ಕೂತು ಮಾತಾಡಲಿಲ್ಲ. ಆ ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಅವರೂ ಈಗಿಲ್ಲ.

ತಂದೆಯವರು 2016ರಲ್ಲಿ ತೀರಿಕೊಂಡರು. ಬಿತ್ತಿಗೆಗೆ ಮುಂಚೆ ಇಬ್ಬರು ನಿರ್ದೇಶಕರು ಗೋದಾಮಿಗೆ ಹೋಗಿ ಚೀಲ ಎಣಿಸುವ ಪದ್ಧತಿ ಮಾತ್ರ ನಿಂತಿಲ್ಲ. ಕಂಪ್ಯೂಟರ್ ಬಂದಮೇಲೂ ನಿಂತಿಲ್ಲ. ಈ ವರ್ಷ ಆ ಸರದಿ ನಮ್ಮದು. ಬ್ಯಾಟರಿ ಅವರದೇ ಐತಿ, ಸೆಲ್ ಅಷ್ಟ ಹೊಸವು ಹಾಕೇವಿ.